ಅಕ್ಕನ ಪಾಲಿನ ಚೀಲ

ಶೆಹಾತಾ ಎಂದರೆ ಭಿಕ್ಷುಕ ಎಂದರ್ಥ. ಹುಟ್ಟಿದ ಗಂಡುಮಕ್ಕಳು ನಿಲ್ಲದ ಮನೆಯಲ್ಲಿ ಕೊನೆಗೂ ಒಂದು ನಿಂತಾಗ, ಯಾರ ಕಣ್ಣೂ ಬೀಳದಿರಲಿ ಎಂದು ತಾಯಿ ಮನೆಮನೆ ಬೇಡಿ ತಂದ ಚಿಂದಿಯಲ್ಲಿ ಅಂಗಿ ಹೊಲಿದು, ಆ ಹೆಸರಿಟ್ಟಿದ್ದಳು. ನಮ್ಮ ಕಡೆ ತಿಪ್ಪಯ್ಯ ಎಂದು ಇಡುವುದಿಲ್ಲವೇ, ಹಾಗೆ. ಹೆಸರು ಕೆಲಸ ಮಾಡಿತು. ಮೀಸೆ ನರೆತರೂ ಶೆಹಾತಾನಿಗೆ ಯಾರ ದೃಷ್ಟಿಯೂ ತಾಕಲಿಲ್ಲ. ತಿಪ್ಪಯ್ಯ ಎಂದೇ ಇಟ್ಟಿದ್ದರೆ ಗೊಬ್ಬರದ ವಿಷಯದಲ್ಲಾದರೂ ಒಂದಿಷ್ಟು ವಿವೇಕ ಬರುತ್ತಿತ್ತೇನೋ.

ನೈಲ್ ನದಿಯ ಬಯಲಿನ ಕಫ್ರ್ ಬುರ್ಹಾಮ್ ಎಂಬ ಆ ಊರಿನಲ್ಲಿ ಗಂಡಸಿನ ಯೋಗ್ಯತೆಯನ್ನು ಕಾಲುವೆಯ ಏರಿಯ ಮೇಲೆ ನಿಂತೇ ಅಳೆಯುತ್ತಾರೆ. ಏರಿಯ ಮೇಲೆ ಕತ್ತೆ ಹೊಡೆದುಕೊಂಡು ಹೋಗುವವನು ಒಮ್ಮೆ ಹೊಲದತ್ತ ಕತ್ತು ತಿರುಗಿಸಿದರೆ ಸಾಕು, ತೀರ್ಪು ಆದಂತೆ. ಎಲೆ ತಿಳಿಹಸಿರಾಗಿದ್ದರೆ ಸೋಮಾರಿ, ಹಸಿರಾಗಿದ್ದರೆ ಪರವಾಗಿಲ್ಲ, ಹಸಿರು ಕಪ್ಪಿಗೆ ತಿರುಗಿದ್ದರೆ ಅವನು ಗಂಡಸು. ಶೆಹಾತಾನ ಗೋಧಿ ಯಾವಾಗಲೂ ಕಪ್ಪಿಗೆ ತಿರುಗಿರುತ್ತಿತ್ತು. ಅವನ ಅಪ್ಪನ ಕಾಲದಲ್ಲಿ ನೆರೆ ಬಂದು ಹೊಸ ಮಣ್ಣು ಹಾಸಿ ಹೋಗುತ್ತಿತ್ತು. ನದಿಯ ಮೇಲ್ಗಡೆ ದೊಡ್ಡ ಅಣೆಕಟ್ಟು ಎದ್ದ ಮೇಲೆ ನೈಲ್ ಕೊಡುತ್ತಿದ್ದುದನ್ನು ನೈಲಾನ್ ಚೀಲ ಕೊಡತೊಡಗಿತು. ಚೀಲದೊಳಗೆ ಯೂರಿಯಾ, ಸಕ್ಕರೆಯಂತೆ ಬೆಳ್ಳಗೆ, ಸಕ್ಕರೆಯಂತೆಯೇ ಚಟ ಹತ್ತಿಸುವಂಥದು. ಶಾಲೆಯಲ್ಲಿ ನಾವು ಸಾರಜನಕ ಎಂದು ಉರು ಹೊಡೆದದ್ದು ಅದನ್ನೇ. ಮೊದಮೊದಲು ಅದು ನಿಜವಾಗಿಯೂ ಸಾರದ ಜನಕನಂತೆಯೇ ನಡೆದುಕೊಂಡಿತು. ಆಮೇಲೆ ಮಾವನ ಮನೆಗೆ ಬಂದು ಕೂತ ಅಳಿಯನಂತೆ ವರ್ಷವರ್ಷಕ್ಕೆ ಹೆಚ್ಚು ಬೇಡತೊಡಗಿತು. ಮುಂಚೆ ಎರಡು ಚೀಲಕ್ಕೆ ನಗುತ್ತಿದ್ದ ಹೊಲ ಈಗ ನಾಲ್ಕಕ್ಕೂ ಮುಖ ಸಿಂಡರಿಸುತ್ತಿತ್ತು. ಗುದ್ದಲಿ ಹಾಕಿದರೆ ಎರೆಹುಳು ಏಳದು, ಒಣ ರೊಟ್ಟಿಯಂಥ ಹೆಂಟೆ ಏಳುವುದು. ಮಾರ್ಚಿನ ಗಾಳಿಗೆ ಎತ್ತರದ ಗೋಧಿ ಕುಡಿದವನಂತೆ ಮಲಗಿಬಿಡುವುದು. ಕಾಲುವೆಯಲ್ಲೂ ಅಷ್ಟೇ ಹಸಿರು, ಪಾಚಿಯದು. ಇಷ್ಟಾದರೂ ಏರಿಯ ಮೇಲಿಂದ ನೋಡಿದವರಿಗೆ ಬಣ್ಣವೊಂದೇ ಕಾಣುತ್ತಿದ್ದುದು. ಶೆಹಾತಾನಿಗೆ ಅಷ್ಟು ಸಾಕಾಗಿತ್ತು.

ಅವನ ಹೊಲಕ್ಕೆ ಅಂಟಿಕೊಂಡೇ, ಕಾಲುವೆಯ ಬಾಲದಲ್ಲಿ, ಅಕ್ಕ ಫಿಕ್ರಿಯಾಳ ಅರ್ಧ ಎಕರೆ. ಅಪ್ಪ ತೀರಿಕೊಂಡಾಗ ಶೆಹಾತಾ ಅಕ್ಕನ ಪಾಲನ್ನು ಅಕ್ಕನಿಗೆ ಬಿಟ್ಟುಕೊಟ್ಟಿದ್ದ. ಆ ಊರಲ್ಲಿ ಅದು ದೊಡ್ಡ ಮಾತು. ಅಕ್ಕತಂಗಿಯರ ಪಾಲನ್ನು ಸದ್ದಿಲ್ಲದೆ ನುಂಗಿ, ಹಬ್ಬಕ್ಕೊಂದು ಬಟ್ಟೆ ಕೊಟ್ಟು ತೇಗುವ ಅಣ್ಣತಮ್ಮಂದಿರೇ ಹೆಚ್ಚು. 'ಶೆಹಾತಾ ಕೊಟ್ಟ' ಎಂಬ ಹೊಗಳಿಕೆಯನ್ನು ಅವನು ಎಷ್ಟೋ ವರ್ಷ ಮೆಲುಕು ಹಾಕುತ್ತ ಬಂದಿದ್ದ. ಕೊಟ್ಟದ್ದು ನೀರು ಕೊನೆಯಲ್ಲಿ, ಮನಸ್ಸಿದ್ದರೆ ಮುಟ್ಟುವ, ಬೇಸಿಗೆಯಲ್ಲಿ ಉಪ್ಪು ಬೆಳ್ಳಗೆ ಹೊಮ್ಮುವ ತುಂಡು ಎಂಬುದನ್ನು ಊರು ಹೇಳಲಿಲ್ಲ. ಅಕ್ಕನೂ ಹೇಳಲಿಲ್ಲ. ಅವನೊಬ್ಬನಿಗೆ ಗೊತ್ತಿತ್ತು, ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ.

ಫಿಕ್ರಿಯಾ ವಿಧವೆ, ಗಟ್ಟಿ ಹೆಂಗಸು. ಆ ತುಂಡಿನಲ್ಲಿ ಪ್ರತಿ ಚಳಿಗಾಲವೂ ಫೂಲ್ ಬಿತ್ತುತ್ತಿದ್ದಳು. ಫೂಲ್ ಎಂದರೆ ನಮ್ಮ ಅವರೆಯ ದಾಯಾದಿ, ಇನ್ನೂ ದಪ್ಪ ಕಾಳು. ಅಲ್ಲಿನವರ ಬೆಳಗಿನ ತಿಂಡಿ, ಬಡವರ ಮಾಂಸ. ಕಾನ್ವೆಂಟಿನಲ್ಲಿ ಕಲಿತವರಿಗೆ ಆ ಪದ ಕೇಳಿದರೆ ಬೇರೊಂದು ನೆನಪಾಗುತ್ತದೆ. ಈ ಕತೆಯಲ್ಲಿ ಅಂಥ ದಡ್ಡನೂ ಇದ್ದಾನೆ, ಹೊಲದ ಹೊರಗೆ ಅಷ್ಟೇ. ಫೂಲ್‌ಗೆ ಯೂರಿಯಾ ಬೇಕಾಗದು. ಸಹಕಾರ ಸಂಘದಲ್ಲಿ ಜಮೀನಿನ ಲೆಕ್ಕಕ್ಕೆ ಚೀಲ ಕೊಡುವಾಗ ಅಕ್ಕನ ಕಾರ್ಡಿಗೂ ಚೀಲ ಬರುತ್ತಿತ್ತು. "ನಂಗ್ಯಾಕೋ ಅದು, ನಿನ್ ಗೋಧಿಗೇ ಹಾಕ್ಕೋ" ಎಂದು ಅವಳೇ ಹೇಳಿದ್ದಳು. ಅವನು ಹಾಕಿಕೊಳ್ಳುತ್ತಿದ್ದ. ಅಕ್ಕ ಒಪ್ಪಿಯೇ ಕೊಟ್ಟದ್ದೆಂದು ಅವನು ಊರಿಗೆ ಹೇಳಿರಲಿಲ್ಲ; ಹೇಳಿದರೆ ಕೊಡುವವನು ತಾನಲ್ಲ, ಅಕ್ಕ ಎಂದಾಗುತ್ತಿತ್ತಲ್ಲ.

ಆ ವರ್ಷ ಜನವರಿಯಲ್ಲಿ ಫಿಕ್ರಿಯಾ ಗಂಟು ಕಟ್ಟಿಕೊಂಡು ಮನ್ಸೂರಾಕ್ಕೆ ಹೊರಟಳು. ಅಲ್ಲಿ ಅವಳ ಒಬ್ಬಳೇ ಮಗಳು ನಜ್ಲಾ ಬಸುರಿ. ಹಿಂದೆ ಎರಡು ಸಲ ನಿಂತಿರಲಿಲ್ಲ. ಈ ಸಲ ಮಂಚ ಬಿಟ್ಟು ಇಳಿಯಬಾರದೆಂದು ಡಾಕ್ಟರು ಹೇಳಿದ್ದರು. ಹೊರಡುವ ದಿನ ಬೆಳಿಗ್ಗೆ ಹೊಲದ ಬದುವಿನ ಮೇಲೆ ನಿಂತು ಅವಳು ತಮ್ಮನಿಗೆ ಹೇಳಿದಳು:

"ಕೇಳ್ಸ್ಕೋ ಶೆಹಾತಾ. ಹರಕೆ ಹೊತ್ತಿದೀನಿ. ಮಗು ಜೀವಂತ ನನ್ ಮಡಿಲಿಗೆ ಬಂದ್ರೆ, ವಸಂತದ ತಂಗಾಳಿ ಹಬ್ಬದ ದಿನ ನಮ್ಮ ಬೀದಿಯ ಒಂದೊಂದು ಹೊಸ್ತಿಲಿಗೂ ಈ ಹೊಲದ ಹಸಿ ಫೂಲ್ ಕೊಡ್ತೀನಿ. ಕೊಂಡ್ ತಂದಿದ್ದಲ್ಲ, ಈ ಹೊಲದ್ದೇ. ನಮ್ಮಮ್ಮ ನೀನು ಹುಟ್ಟಿದಾಗ ಹಂಗೇ ಕೊಟ್ಟಿದ್ಳು."

"ಆಯ್ತಕ್ಕ."

"ನೀರ್ ಬಿಡು, ಕಳೆ ನೋಡು. ಇನ್ನೇನೂ ಮಾಡ್ಬೇಡ. ಅದರ ಪಾಡಿಗೆ ಅದು ಬೆಳ್ಕೊಳುತ್ತೆ."

"ಆಯ್ತು ಅಂದ್ನಲ್ಲ. ಹೊಲ ನನ್ ಕಣ್ಣಲ್ಲಿಟ್ಕೋತೀನಿ."

ಕಣ್ಣಲ್ಲಿಟ್ಟುಕೊಳ್ಳುವುದು ಸುಲಭ, ಕೈಯನ್ನು ಇಟ್ಟುಕೊಳ್ಳುವುದು ಕಷ್ಟ. ಆದರೂ ಎರಡು ವಾರ ಅವನು ಕೈ ಕಟ್ಟಿಕೊಂಡೇ ಇದ್ದ. ಕೈ ಬಿಚ್ಚಿಸಿದವನು ಜೈನ್‌ಹುಮ್.

ಜೈನ್‌ಹುಮ್ ಕಾಲುವೆಯಿಂದ ಹೊಲಗಳಿಗೆ ನೀರೆತ್ತಿ ಕೊಡುವ ಡೀಸೆಲ್ ಪಂಪಿನ ಯಜಮಾನ. ಪಂಪು ಎಷ್ಟು ನೀರೆತ್ತುತ್ತಿತ್ತೋ ಅದರ ಎರಡರಷ್ಟು ಮಾತನ್ನು ಅವನು ಎತ್ತುತ್ತಿದ್ದ. ಗೋಧಿಗೆ ನೀರು ಬಿಟ್ಟ ದಿನ, ಏರಿಯ ಮೇಲೆ ಚಹಾ ಕುಡಿಯುತ್ತ ಕುಳಿತ ನಾಲ್ಕು ಜನರ ಎದುರಿಗೆ ಅವನು ಶುರುಹಚ್ಚಿದ:

"ಏನ್ ಶೆಹಾತಣ್ಣ, ಗೋಧಿ ಮದ್ವೆಗೆ ಹೊರಟಂಗಿದೆ! ಪಕ್ಕದಲ್ಲಿ ಅಕ್ಕನ ಹೊಲ ಯಾಕಣ್ಣಾ ಜ್ವರದಿಂದ ಎದ್ದೋರ ಥರ ಬಿಳಿಚ್ಕೊಂಡಿದೆ?"

"ಫೂಲ್ ಕಣೋ ಅದು. ಅದರ ಬಣ್ಣನೇ ಹಂಗೆ."

"ಬಣ್ಣ ಹಂಗಿರ್ಲಿ, ಚೀಲ ಹೆಂಗೆ? ಅಕ್ಕನ ಕಾರ್ಡಿನ ಚೀಲ ಯಾರ ಹೊಟ್ಟೆಗೆ ಹೋಯ್ತು ಅಂತ ಗೋಧಿನೇ ಒಪ್ಕೋತಾ ಇದೆ ನೋಡು, ತಲೆ ಆಡಿಸ್ಕೊಂಡು!"

ನಾಲ್ವರೂ ನಕ್ಕರು. ಗಾಳಿಗೆ ಗೋಧಿ ನಿಜವಾಗಿಯೂ ತಲೆ ಆಡಿಸುತ್ತಿತ್ತು. ಶೆಹಾತಾನೂ ನಕ್ಕ. ಆದರೆ ಉಳಿದ ಚಹಾವನ್ನು ನೆಲಕ್ಕೆ ಚೆಲ್ಲಿದ. ಚೀಲದ ಮಾತು ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು. ಅದು ಅರ್ಧ ನಿಜ. ಅಕ್ಕನೇ ಕೊಟ್ಟದ್ದು ಎಂದು ಬಾಯಿ ಬಿಟ್ಟರೆ, 'ಹಾಗಾದರೆ ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ' ಎಂಬ ಪ್ರಶ್ನೆ ಏಳುತ್ತಿತ್ತು. ಅದರ ಹಿಂದೆಯೇ ಬಾಲದ ತುಂಡಿನ ಮಾತೂ ಏಳುತ್ತಿತ್ತು. ಅವನು ಮನೆಗೆ ಬಂದು, ಈ ಸಲ ಅಕ್ಕನ ಕಾರ್ಡಿಗೆ ಬಂದಿದ್ದ ಚೀಲಗಳನ್ನು ಮೂಲೆಯಿಂದ ಎಳೆದ.

"ಎತ್ಲಾಗೆ ಅದು?" ಎಂದಳು ಹೆಂಡತಿ ಸನಿಯ್ಯಾ, ಒಲೆಯ ಮುಂದೆ ರೊಟ್ಟಿ ತಟ್ಟುತ್ತ.

"ಅಕ್ಕನ ಚೀಲ ಅಕ್ಕನ ಹೊಲಕ್ಕೆ."

"ಫೂಲ್‌ಗೆ ಯೂರಿಯಾನಾ? ಅವರು ಏನೂ ಮಾಡ್ಬೇಡ ಅಂದಿದ್ರಲ್ಲ."

"ಗೋಧಿಗೆ ಒಳ್ಳೇದಾಗೋದು ಫೂಲ್‌ಗೆ ಕೆಟ್ಟದ್ದಾಗುತ್ತಾ? ಹೆಂಗಸ್ರು ಬೆಳೆಯೋ ಬೆಳೆ ಅಂತ ಅದು ಹೊಟ್ಟೆಗಿಲ್ದೆ ಸಾಯ್ಬೇಕಾ?"

"ಹೊಟ್ಟೆಗಿಲ್ದೆ ಸಾಯ್ತಿರೋದು ಅದಲ್ಲ, ನಿಮ್ ಮರ್ಯಾದೆ" ಎಂದು ಸನಿಯ್ಯಾ ರೊಟ್ಟಿ ತಿರುವಿ ಹಾಕಿದಳು. ಆ ಮನೆಯಲ್ಲಿ ನಿಜವಾದ ಮಾತೆಲ್ಲ ಹೀಗೆ ರೊಟ್ಟಿಯ ಜೊತೆಯಲ್ಲೇ ಬೇಯುತ್ತಿತ್ತು.

ಶುಕ್ರವಾರ ನಡುಹಗಲಲ್ಲಿ, ಗಂಡಸರೆಲ್ಲ ಮಸೀದಿಯಲ್ಲಿದ್ದ ಹೊತ್ತು ನೋಡಿ ಅವನು ಹೊಲಕ್ಕಿಳಿದ. ಊರು ಹಸಿರನ್ನು ನೋಡಬೇಕು, ಚೀಲವನ್ನಲ್ಲ ಎಂಬುದು ಅವನ ಆಸೆ. ಜುಮ್ಮಾ ನಮಾಜು ಬಿಟ್ಟದ್ದಕ್ಕೆ ಎದೆಯೊಳಗೆ ಏನೋ ಚುಚ್ಚಿತು. ಅಕ್ಕನಿಗಾಗಿ ತಾನೆ ಎಂದುಕೊಂಡು ಜಲ್ಲಾಬಿಯಾ ಎಂಬ ನಿಲುವಂಗಿಯ ಮಡಿಲಿಗೆ ಯೂರಿಯಾ ತುಂಬಿಕೊಂಡು, ಬೀಜ ಬಿತ್ತುವವನಂತೆ ಬೀಸಿ ಬೀಸಿ ಎರಚುತ್ತ ನಡೆದ. ಹೊಲದ ಆ ತುದಿಯ ಮೂಲೆಗೆ ಬರುವಷ್ಟರಲ್ಲಿ ಚೀಲ ಬರಿದಾಯಿತು. ಆ ಮೂಲೆ ಒಂದಿಷ್ಟು ಎತ್ತರ, ನೀರೂ ತೆವಳಿಕೊಂಡು ಹತ್ತಬೇಕು. ಏರಿಯ ಮೇಲಿಂದ ಅದು ಕಾಣುವುದೂ ಇಲ್ಲ. ಕಾಣದ ಮೂಲೆಗೆ ಯಾಕೆ ಇನ್ನೊಂದು ಚೀಲ ಎಂದು ಬಿಟ್ಟ. ತಿಂಗಳ ಮೇಲೆ ಎರಡನೇ ಸಲ ಎರಚಿದಾಗಲೂ ಮೂಲೆಗೆ ಸಿಕ್ಕಿದ್ದು ಚೀಲ ಕೊಡವಿದ ಧೂಳು ಮಾತ್ರ.

ಹಸಿರು ಬಂತು. ಎಂಥ ಹಸಿರು! ಮೊಣಕಾಲಿಗಿದ್ದ ಗಿಡ ಸೊಂಟಕ್ಕೆ ಬಂತು, ಸೊಂಟದಿಂದ ಎದೆಗೆ ಬಂತು. ಎಲೆ ಅಂಗೈಯಗಲ, ಬಣ್ಣ ಶಾಯಿಯಂತೆ. ಏರಿಯ ಮೇಲೆ ಕತ್ತೆಗಳೂ ನಿಂತು ನೋಡತೊಡಗಿದವು. "ಮಾಶಾ ಅಲ್ಲಾ, ಅಕ್ಕನ ಹೊಲ ಅಂದ್ರೆ ಹಿಂಗಿರ್ಬೇಕು!" ಎಂದರು ಜನ. ಜೈನ್‌ಹುಮ್ ಕೂಡ ಪಂಪು ನಿಲ್ಲಿಸಿ, "ಸೋತೆ ಕಣಣ್ಣ. ಕೈಯಲ್ಲಿ ಏನೋ ಇದೆ ನಿಂಗೆ" ಎಂದ. ಜೈನ್‌ಹುಮ್‌ನ ತಾಯಿ ಹಮೀದಜ್ಜಿ, ದೃಷ್ಟಿ ತಾಕಿಸುವುದೆಂದು ಊರು ಹೆದರುವ ನೀಲಿ ಕಣ್ಣಿನ ಮುದುಕಿ, ಮೇವಿನ ಹೊರೆ ಹೊತ್ತು ಹೋಗುವಾಗ ಬದುವಿನ ಮೇಲೆ ನಿಂತು, "ಅಯ್ಯೋ ಎಂಥಾ ಹಸಿರಪ್ಪಾ!" ಎಂದಳು. ದೃಷ್ಟಿಯಾಗದಿರಲೆಂದು ಹೊಗಳಿಕೆಯ ಜೊತೆ ಸೇರಿಸುವ ದೇವರ ಹೆಸರು ಹೇಳಲು ಮರೆತಳು, ಅಥವಾ ಹೊರೆಯ ಭಾರಕ್ಕೆ ಉಸಿರು ಸಾಲಲಿಲ್ಲ. ಶೆಹಾತಾ ಎಲ್ಲ ಹೊಗಳಿಕೆಯನ್ನೂ ತಲೆ ತಗ್ಗಿಸಿಕೊಂಡು ತೆಗೆದುಕೊಂಡ, ನಾಚಿಕೆಯ ಗಂಡಸಿನಂತೆ. ಆಗ ಅದು ನಟನೆಯಾಗಿತ್ತು.

ಹೂವು ಬಂದಾಗ ಮೊದಲ ಅಳುಕು. ಫೂಲ್ ಹೂವು ಬಿಳಿ, ಎದೆಯಲ್ಲೊಂದು ಕಪ್ಪು ಮಚ್ಚೆ; ಹೊಲ ತುಂಬ ಕಾಡಿಗೆ ಕಣ್ಣು ಬಿಟ್ಟಂತಿರುತ್ತದೆ. ಈ ಸಲ ಕಣ್ಣು ಅಲ್ಲೊಂದು ಇಲ್ಲೊಂದು, ಎಲೆಯ ಮರೆಯಲ್ಲಿ. ಬಿಟ್ಟವೂ ನಿಲ್ಲದೆ ಉದುರಿದವು. ಬಂದೇ ಬರುತ್ತದೆ ಎಂದು ಅವನು ಕಾಯಿಗಾಗಿ ಕಾದ; ಕಾಯಿ ಕಾಯಿಸಿತೇ ಹೊರತು ಬರಲಿಲ್ಲ. ಬಂದದ್ದು ಕುಡಿಯ ತುಂಬ ಕಪ್ಪು ಹೇನು, ಎಲೆಯ ತುಂಬ ಕಂದು ಚುಕ್ಕಿ. ಇಡೀ ಹೊಲ ಬರೀ ಸೊಪ್ಪು, ಅದೂ ಯಾರಿಗೂ ಸೊಪ್ಪು ಹಾಕದ ಸೊಪ್ಪು.

ಒಂದು ಗಿಡ ಕಿತ್ತು ಬೇರು ನೋಡಿದ. ಚಿಕ್ಕವನಿದ್ದಾಗ ತಾಯಿ ಫೂಲ್ ಗಿಡ ಕಿತ್ತು, ಬೇರಿಗೆ ಅಂಟಿದ ಸಣ್ಣ ಗಂಟುಗಳನ್ನು ತೋರಿಸಿ, "ನೋಡು, ಮುತ್ತಿನ ಸರ. ಇದರ ಅಡುಗೆ ಇದೇ ಮಾಡ್ಕೊಳುತ್ತೆ, ಹೊಲಕ್ಕೂ ಬಡಿಸಿ ಹೋಗುತ್ತೆ" ಎನ್ನುತ್ತಿದ್ದಳು. ಈ ಬೇರು ಬೋಳಾಗಿತ್ತು. ಕೂತಲ್ಲಿಗೇ ತಟ್ಟೆ ಬರುವಾಗ ಒಲೆ ಹಚ್ಚುವವರು ಯಾರು? ತಾಯಿಯ ಮಾತು ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟುಕೊಂಡಿತ್ತೋ, ಎಲ್ಲ ಮುಗಿದ ಮೇಲೆ ಸಾಕ್ಷಿ ಹೇಳಲು ಬಂದಿತ್ತು. ಗಿಡವನ್ನು ಅವನು ಕಾಲುವೆಗೆ ಎಸೆದ. ಅದು ಮುಳುಗದೆ ಪಾಚಿಯ ಮೇಲೆ ಹಸಿರಾಗಿ ತೇಲುತ್ತ ಕೂತಿತು.

ಆ ವಾರವೇ ಮನ್ಸೂರಾದಿಂದ ಫೋನು ಬಂತು. ನಜ್ಲಾಗೆ ಗಂಡು ಮಗು. ತಾಯಿ ಮಗು ಚೆನ್ನಾಗಿದ್ದಾರೆ. ಫೋನಿನಲ್ಲಿ ಅಕ್ಕ ಅಳುತ್ತ ನಗುತ್ತಿದ್ದಳು. "ಫೂಲ್ ಹೆಂಗಿದೆಯೋ?"

"ಎತ್ತರ ಬಂದಿದೆ ಅಕ್ಕ," ಎಂದ ಶೆಹಾತಾ. ಸುಳ್ಳಲ್ಲ.

ಹಬ್ಬಕ್ಕೆ ಎರಡು ದಿನ ಇರುವಾಗ ಫಿಕ್ರಿಯಾ ಮಗಳು ಮೊಮ್ಮಗನನ್ನು ಕರೆದುಕೊಂಡು ಬಂದಿಳಿದಳು. ತಂಗಾಳಿ ಮೂಸುವ ಹಬ್ಬವೆಂದು ಹೆಸರು. ಮೂಸಲು ಸಿಗುವುದು ಮಾತ್ರ ಮನೆಮನೆಯ ಉಪ್ಪುಮೀನು. ಬೀದಿಯಲ್ಲಿ ಆಗಲೇ ಆ ವಾಸನೆ ಎದ್ದಿತ್ತು. ಮಗುವನ್ನು ಎಲ್ಲರ ಕೈಗೂ ಕೊಟ್ಟು, ಬುಟ್ಟಿ ತೆಗೆದುಕೊಂಡು ನೇರ ಹೊಲಕ್ಕೆ ನಡೆದಳು. ಶೆಹಾತಾ ಹಿಂದೆ ಹಿಂದೆ ನಡೆದ, ತಪ್ಪು ಮಾಡಿದ ನಾಯಿಯ ಹಾಗೆ. ಅವಳು ಬದುವಿನ ಮೇಲೆ ನಿಂತು ಆ ಹಸಿರನ್ನು ಕಂಡು, ಒಂದು ಕ್ಷಣ ಬಾಯಿಯ ಮೇಲೆ ಕೈ ಇಟ್ಟಳು. ಒಳಗಿಳಿದು ಎಲೆ ಸರಿಸಿದಳು. ಇನ್ನೊಂದು ಸರಿಸಿದಳು. ಮತ್ತೊಂದು. ಸುಮಾರು ಹೊತ್ತಿನ ಮೇಲೆ ಎದ್ದಾಗ ಬುಟ್ಟಿಯಲ್ಲಿ ಸುಕ್ಕು ಸುಕ್ಕಾದ ಒಂದು ಹಿಡಿ ಕಾಯಿ ಇತ್ತು, ಒಳಗೆ ಕಾಳಿಲ್ಲದವು.

"ಏನಾಯ್ತೋ ಶೆಹಾತಾ ಇದಕ್ಕೆ?"

ಇಲ್ಲಿ ಒಂದು ವಾಕ್ಯ ಸಾಕಿತ್ತು. ಆ ವಾಕ್ಯ ನಾಲಿಗೆಯ ತುದಿಗೆ ಬಂದು, ಬಾಲದ ತುಂಡು, ಚೀಲ, ಜುಮ್ಮಾ ಎಲ್ಲವನ್ನೂ ಬಾಲಂಗೋಚಿಯಂತೆ ಎಳೆದುಕೊಂಡು ಬರುವುದು ಕಂಡು, ಅವನು ಬಾಯಿ ಮುಚ್ಚಿದ. ಮತ್ತೆ ತೆರೆದಾಗ ಬೇರೆಯದೇ ಬಂತು:

"ಕಣ್ಣು ಬಿತ್ತಕ್ಕ. ಅಷ್ಟು ಚೆನ್ನಾಗಿ ಬಂದಿತ್ತಲ್ಲ, ಎಲ್ರೂ ನಿಂತ್ ನಿಂತ್ ನೋಡೋರು."

"ಯಾರ ಕಣ್ಣು?"

"ನಾನ್ ಹೆಂಗೆ ಹೇಳ್ಲಿ… ಹಮೀದಜ್ಜಿ ಒಂದಿನ ನಿಂತು ಎಂಥಾ ಹಸಿರು ಅಂದ್ರು. ದೇವರ ಹೆಸರು ಹೇಳ್ಲಿಲ್ಲ."

ಹೇಳಿದ್ದು ಬರೀ ನಡೆದದ್ದನ್ನೇ, ಒಂದಕ್ಷರ ಸುಳ್ಳಿಲ್ಲ. ಇಷ್ಟು ಅಚ್ಚುಕಟ್ಟಾದ ನಿಜವನ್ನು ಅವನು ಜೀವಮಾನದಲ್ಲಿ ಹೇಳಿರಲಿಲ್ಲ, ಇಷ್ಟು ಹೊಲಸಾದದ್ದನ್ನೂ. ಅಕ್ಕ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಮನೆಗೆ ನಡೆದಳು. ಹರಕೆ ನಿಂತುಹೋದರೆ ಅದು ಕೇಳಿಕೊಂಡು ಬರುವುದು ಮಗುವಿನ ಬಳಿಗೇ ಎಂದು ಅವಳು ನಂಬಿದ್ದಳು. ದಾರಿಯುದ್ದಕ್ಕೂ ಅವಳ ತುಟಿ ಏನೋ ಜಪಿಸುತ್ತಿತ್ತು.

ಮರುದಿನ ಮಧ್ಯಾಹ್ನ ಫಿಕ್ರಿಯಾಳ ಅಂಗಳದಲ್ಲಿ ದೃಷ್ಟಿ ತೆಗೆಯುವ ಏರ್ಪಾಟು. ಕೆಂಡದ ಮೇಲೆ ಧೂಪ, ಪಟಿಕ. ಬೀದಿಯ ಹೆಂಗಸರು ಸುತ್ತ ಕುಳಿತಿದ್ದರು. ನಜ್ಲಾ ಮಗುವನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೊರಗಿದ್ದಳು. ಅಕ್ಕ ಹೇಳಿದಂತೆ ಹೊಲದ ಮಣ್ಣು ತಂದ ಶೆಹಾತಾ ಅದನ್ನು ಇಟ್ಟು ಹೊರಡಬೇಕೆಂದಿದ್ದ. "ನಿಲ್ಲು, ಗೊಂಬೆ ಹಿಡ್ಕೋಳೋಕೆ ಗಂಡ್ಸು ಬೇಕು" ಎಂದು ಅಕ್ಕ ಕಾಗದದಲ್ಲಿ ಕತ್ತರಿಸಿದ ಗೊಂಬೆಯನ್ನು ಅವನ ಕೈಗೆ ಕೊಟ್ಟಳು. ಯಾರ್ಯಾರ ಮೇಲೆ ಅನುಮಾನವೋ ಅವರ ಹೆಸರು ಹೇಳಿ ಗೊಂಬೆಗೆ ಸೂಜಿ ಚುಚ್ಚುವುದು, ಆಮೇಲೆ ಸುಡುವುದು.

"ಇದು, ನೋಡಿ ನಿಟ್ಟುಸಿರು ಬಿಟ್ಟೋರ ಕಣ್ಣಿಗೆ" ಎಂದಳು ಫಿಕ್ರಿಯಾ, ಸೂಜಿ ಚುಚ್ಚಿ. "ಇದು ದಾರಿಹೋಕರ ಕಣ್ಣಿಗೆ. ಇದು…"

ಬಾಗಿಲಲ್ಲಿ ಕೋಲಿನ ಸದ್ದಾಯಿತು. ಹಮೀದಜ್ಜಿ. ಒಂದು ಕೈಯಲ್ಲಿ ಕಾಲು ಕಟ್ಟಿದ ಎರಡು ಪಾರಿವಾಳದ ಮರಿ, ಬಾಣಂತಿಗೆ ಸಾರು ಮಾಡಲು. ಫಿಕ್ರಿಯಾ ಸೂಜಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಮುದುಕಿ ಮರಿಗಳನ್ನು ನಜ್ಲಾಳ ಪಕ್ಕ ಇಟ್ಟಳು. ಮಗುವನ್ನು ನೋಡಲು ಬಾಗಿದವಳು, ಪೂರ್ತಿ ಬಾಗದೆ, ತನ್ನ ನೀಲಿ ಕಣ್ಣುಗಳ ಮೇಲೆ ಮುಸುಕು ಎಳೆದುಕೊಂಡು ದೂರ ಕುಳಿತಳು.

"ನಂಗೊತ್ತು ಮಗಳೇ, ಮುಚ್ಕೋಬೇಡ" ಎಂದಳು. "ನನ್ ಹೆಸರೂ ಹೇಳಿ ಚುಚ್ಚು. ನನ್ ಮದ್ವೆ ಆದಾಗಿಂದ ಚುಚ್ತಾನೇ ಇದಾರೆ ಈ ಊರಲ್ಲಿ. ಕೋಳಿ ಸತ್ರೆ ಹಮೀದಾ, ಹಾಲು ಒಡೆದ್ರೆ ಹಮೀದಾ. ನಂಗೇನೂ ನೋವಾಗಲ್ಲ. ನಿನ್ ಹರಕೆ ನಡೀಲಿ, ಮಗು ತಣ್ಣಗಿರ್ಲಿ."

ಪಟಿಕ ಕೆಂಡದ ಮೇಲೆ ಉಬ್ಬಿ ಚಟಗುಟ್ಟಿತು. ಗೊಂಬೆ ಶೆಹಾತಾನ ಕೈಯಲ್ಲೇ ಇತ್ತು. ಫಿಕ್ರಿಯಾ ಸೂಜಿ ತೆಗೆದಳು. ಮುದುಕಿಯ ಮುಖ ನೋಡಲಾರದೆ ಗೊಂಬೆಯನ್ನೇ ನೋಡುತ್ತ, "ಇದು…" ಎಂದಳು.

"ನನ್ ಹೆಸರು ಹೇಳಕ್ಕ."

"ಏನು?"

"ನಾನು. ಕಣ್ಣಲ್ಲ, ಕೈ. ಯೂರಿಯಾ ಹಾಕ್ದೆ ಹೊಲಕ್ಕೆ. ಎರಡ್ ಸಲ. ಜುಮ್ಮಾ ಹೊತ್ತಲ್ಲಿ, ಯಾರೂ ಇಲ್ಲದಾಗ." ಮಾತು ಶುರುವಾದ ಮೇಲೆ ನಿಲ್ಲಿಸಲು ಬರಲಿಲ್ಲ, ಕಾಲುವೆಯ ತೂಬು ಕಿತ್ತ ಹಾಗೆ. "ನಿನ್ ಚೀಲ ನಾನ್ ತಿಂದೆ ಅಂತ ಜೈನ್‌ಹುಮ್ ಎಲ್ರೆದುರಿಗೆ ಅಂದ. ಬಾಯಿ ಮುಚ್ಸೋಕೆ ಹಾಕ್ದೆ. ನಿಂಗೋಸ್ಕರ ಅಂದ್ಕೊಂಡೆ, ನಿಂಗೋಸ್ಕರ ಅಲ್ಲ. ಅಜ್ಜಿ ಏನೂ ಮಾಡಿಲ್ಲ. ಹೊರೆ ಹೊತ್ಕೊಂಡು ಹೋಗ್ತಿದ್ರು, ಅಷ್ಟೇ."

ಬೀದಿಯ ಅಷ್ಟೂ ಹೆಂಗಸರು ಅವನನ್ನು ನೋಡಿದರು. ಸನಿಯ್ಯಾ ಮಾತ್ರ ನೆಲ ನೋಡಿದಳು. ಹುಟ್ಟಿದಂದಿನಿಂದ ಯಾರ ಕಣ್ಣೂ ತಾಕದವನಿಗೆ ಆ ಮಧ್ಯಾಹ್ನ ಎಲ್ಲ ಬಾಕಿಯೂ ಒಟ್ಟಿಗೆ ತೀರಿತು. ಅಕ್ಕ ಬೈಯುತ್ತಾಳೆ ಎಂದು ಅವನು ಕಾದ; ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ಅವಳು ಎದ್ದು ಹೋಗಿ, ಹಮೀದಜ್ಜಿಯ ಕೈ ಹಿಡಿದೆಳೆದು ಹತ್ತಿರ ಕೂರಿಸಿ, ನಜ್ಲಾಳ ಮಡಿಲಿನಿಂದ ಮಗುವನ್ನೆತ್ತಿ ಮುದುಕಿಯ ಮಡಿಲಿಗೆ ಹಾಕಿದಳು. "ನೋಡಿ ಅಜ್ಜಿ, ಮುಸುಕು ತೆಗೆದು ಚೆನ್ನಾಗಿ ನೋಡಿ" ಎಂದಳು. ಆಮೇಲೆ ತಮ್ಮನ ಕಡೆ ತಿರುಗಿದಳು.

"ಹೊಲ ಹೋದ್ರೆ ಹೋಯ್ತು ಕಣೋ, ಇನ್ನೊಂದ್ ಬೆಳೆ ಬರುತ್ತೆ. ನಿನ್ ಗೊಬ್ಬರದ ಚೀಲನ ಈ ಮುದುಕಿ ತಲೆ ಮೇಲೆ ಹೊರಿಸಿದ್ಯಲ್ಲ… ಹರಕೆ ದಿನ ನನ್ ಕೈಲೂ ಸೂಜಿ ಹಿಡಿಸಿದ್ಯಲ್ಲ."

ಶೆಹಾತಾ ಗೊಂಬೆಯನ್ನು ಮುದುರಿ ಮುಷ್ಟಿಯಲ್ಲಿ ಅಡಗಿಸಿದ. ಅಕ್ಕ ಮತ್ತೆ ಕೇಳಿದಳು:

"ಹೊಲ ಪೂರ್ತಿ ಹಾಕಿದ್ಯಾ?"

"ಆ ಮೂಲೆಗೆ… ಚೀಲ ಸಾಲ್ಲಿಲ್ಲ."

ಹಬ್ಬದ ದಿನ ಬೆಳಕು ಹರಿಯುವ ಮುಂಚೆ ಅಕ್ಕ ತಮ್ಮ ಇಬ್ಬರೂ ಎದೆಯೆತ್ತರದ ಆ ಬಂಜೆ ಹಸಿರನ್ನು ಸೀಳಿಕೊಂಡು ಮೂಲೆಗೆ ಹೋದರು. ಅಲ್ಲಿ ಗಿಡ ಮೊಣಕಾಲೆತ್ತರ, ಬಿಳಿಚಿಕೊಂಡಿತ್ತು, ಏರಿಯ ಮೇಲಿನವರು ಛೀ ಎನ್ನುವಂಥದು. ಬುಡದಿಂದ ತುದಿಯವರೆಗೆ ಕಾಯಿ. ಬೆರಳು ದಪ್ಪದ, ತುಂಬಿದ ಕಾಯಿ. ಫಿಕ್ರಿಯಾ ಮೊದಲ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಾಯಿ ಕೀಳದೆ, ಎಲೆಯನ್ನು ಒಂದು ಸಲ ಸವರಿದಳು. ಅವನು ಕೈ ಚಾಚಿದ. "ನೀನ್ ಮುಟ್ಬೇಡ. ಬುಟ್ಟಿ ಹಿಡಿ" ಎಂದಳು.

ಮೂಲೆ ಎಂದರೆ ಮೂಲೆಯೇ. ಬುಟ್ಟಿ ಅರ್ಧವೂ ತುಂಬಲಿಲ್ಲ. ಬೀದಿಯಲ್ಲಿ ಹೊಸ್ತಿಲು ಬಹಳ.

"ಬುಟ್ಟಿ ನೀನೇ ಹೊರು" ಎಂದಳು ಅಕ್ಕ. "ಕೊಡೋದು ನಾನು. ಯಾಕಿಷ್ಟೇ ಅಂತ ಹೇಳೋದು ನೀನು. ಒಂದೊಂದ್ ಬಾಗ್ಲಲ್ಲೂ."

ಹೀಗೆ ಶೆಹಾತಾ ಹೆಸರಿಗೆ ತಕ್ಕವನಾದ. ಚಿಕ್ಕಂದಿನಲ್ಲಿ ತಾಯಿ ಅವನಿಗಾಗಿ ಬೇಡಿದ್ದ ಅದೇ ಬಾಗಿಲುಗಳ ಮುಂದೆ ತಲೆಯ ಮೇಲೆ ಬುಟ್ಟಿ ಹೊತ್ತು ನಿಂತ. ಫಿಕ್ರಿಯಾ ನಾಲ್ಕೈದು ಕಾಯಿ ಎಣಿಸದೆ ತೆಗೆದು ಹೊಸ್ತಿಲಲ್ಲಿ ಇಡುವಳು, "ಮಗುಗೆ ಹರಸಿ" ಎನ್ನುವಳು. ಆಮೇಲೆ ಅವನ ಸರದಿ. "ಯೂರಿಯಾ ಹಾಕಿ ಕೆಡಿಸಿದ್ದು ನಾನು, ಅದಕ್ಕೇ ಇಷ್ಟು." ಮೊದಲ ಬಾಗಿಲಲ್ಲಿ ಅದು ಗೊಣಗಾಗಿತ್ತು. "ಕೇಳಿಸ್ಲಿಲ್ಲ" ಎಂದಳು ಅಕ್ಕ. ಎರಡನೆಯದರಲ್ಲಿ ಕೇಳಿಸಿತು. ಕೆಲವರು ಪರವಾಗಿಲ್ಲ ಬಿಡಪ್ಪ ಎಂದರು, ಕೆಲವರು ನಕ್ಕರು, ಒಬ್ಬ ಮುದುಕ, "ಫೂಲ್‌ಗಾ? ಯೂರಿಯಾನಾ?" ಎಂದು ಎರಡೆರಡು ಸಲ ಕೇಳಿ, ಒಳಗಿದ್ದವರನ್ನೆಲ್ಲ ಕರೆದು ಮತ್ತೊಮ್ಮೆ ಹೇಳಿಸಿದ.

ಜೈನ್‌ಹುಮ್‌ನ ಮನೆ ಬಂತು. ಶೆಹಾತಾ ರಾತ್ರಿಯಿಡೀ ಹೆದರಿದ್ದು ಈ ಬಾಗಿಲಿಗೆ. ಜೈನ್‌ಹುಮ್ ಹೊಸ್ತಿಲ ಮೇಲೆಯೇ ನಿಂತಿದ್ದ, ಪಕ್ಕದಲ್ಲಿ ಅವನ ತಾಯಿ. ಫಿಕ್ರಿಯಾ ಈ ಹೊಸ್ತಿಲಿಗೆ ಮಾತ್ರ ಎರಡೂ ಕೈ ತುಂಬ ಇಟ್ಟಳು. ಶೆಹಾತಾ ವಾಕ್ಯ ಹೇಳಿದ. ಅದಕ್ಕೆ ಇನ್ನೊಂದು ಸೇರಿಸಿದ: "ಅಜ್ಜಿ ಹೆಸರು ಹೇಳಿದ್ದೂ ನಾನೇ." ಹೇಳಿ, ಏನು ಬೇಕಾದರೂ ಬರಲಿ ಎಂದು ಕಣ್ಣು ಮುಚ್ಚಿಕೊಂಡ. ಏನೂ ಬರಲಿಲ್ಲ. ಊರಿಗೆಲ್ಲ ನೀರು ಮಾತು ಎರಡನ್ನೂ ಎತ್ತಿ ಕೊಡುವ ಜೈನ್‌ಹುಮ್ ಬಾಗಿ ಕಾಯಿಗಳನ್ನು ಆಯ್ದು ತಾಯಿಯ ಕೈಗೆ ಕೊಟ್ಟು, ಒಂದೂ ಮಾತಾಡದೆ ಒಳಗೆ ಹೋದ. ಅವನು ನಕ್ಕಿದ್ದರೆ ಆಗಬಹುದಿತ್ತು ಎಂದು ಶೆಹಾತಾನಿಗೆ ಮುಂದೆ ಎಷ್ಟೋ ವರ್ಷ ಅನ್ನಿಸುತ್ತಿತ್ತು.

ಹಮೀದಜ್ಜಿ ಒಂದು ಕಾಯಿ ಸುಲಿದು ಕಾಳನ್ನು ಬಾಯಿಗೆ ಹಾಕಿಕೊಂಡಳು. "ಸಿಹಿ ಇದೆ," ಎಂದಳು, ಯಾರಿಗೂ ಅಲ್ಲದಂತೆ.

ಬೀದಿಯ ಕೊನೆಯ ಮನೆ ಶೆಹಾತಾನದೇ. ಅಲ್ಲಿಗೆ ಬರುವಷ್ಟರಲ್ಲಿ ಬುಟ್ಟಿಯ ತಳ ಕಾಣುತ್ತಿತ್ತು. ಬಾಗಿಲಲ್ಲಿ ಸನಿಯ್ಯಾ ನಿಂತಿದ್ದಳು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ. ಫಿಕ್ರಿಯಾ ಒಂದು ಕ್ಷಣ ಖಾಲಿ ಬುಟ್ಟಿಯನ್ನು ನೋಡಿದಳು;  ಪ್ರತಿ ಹೊಸ್ತಿಲಿಗೂ ಎಂದು ಹರಕೆ, ಇದೂ ಹೊಸ್ತಿಲೇ. ಹೊಲದಿಂದ ಬರುವಾಗ ಕಂಕುಳಲ್ಲಿ ಇರುಕಿಕೊಂಡು ತಂದಿದ್ದ ಕಟ್ಟನ್ನು ಅವಳು ಅಲ್ಲಿ ಇಳಿಸಿದಳು. ಅಂಗೈಯಗಲದ ಎಲೆ, ಶಾಯಿಯಂಥ ಹಸಿರು, ಒಂದು ಕಾಯಿಯೂ ಇಲ್ಲದ ಫೂಲ್ ಗಿಡಗಳು.

"ಇದು ನಿನ್ ಪಾಲು" ಎಂದಳು. "ಪಾಲು ಮಾಡೋಕೆ ನಂಗೂ ಬರುತ್ತೆ ಕಣೋ."

ಬಾಲದ ತುಂಡಿನ ಮಾತನ್ನು ಅವಳು ಅಷ್ಟು ವರ್ಷದಲ್ಲಿ ಆಡಿದ್ದು ಅದೊಂದೇ ಸಲ. ಆಡಿ, ಬುಟ್ಟಿಯನ್ನು ಅವನ ತಲೆಯಿಂದ ಇಳಿಸಿಕೊಂಡು, ಮೊಮ್ಮಗ ಎದ್ದಿರುತ್ತಾನೆಂದು ಬಿರಬಿರನೆ ನಡೆದಳು.

ಶೆಹಾತಾ ತನ್ನ ಹೊಸ್ತಿಲ ಹೊರಗೆ ನಿಂತೇ ಇದ್ದ. ಒಳಗಿನಿಂದ ಎಮ್ಮೆ ಸೊಪ್ಪಿನ ವಾಸನೆ ಹಿಡಿದು ಕೂಗಿತು. ಆ ಹೊಲದಿಂದ ಹಬ್ಬದೂಟ ಹೊಟ್ಟೆ ತುಂಬ ಸಿಗಲಿದ್ದುದು ಅದಕ್ಕೊಂದಕ್ಕೇ.

"ಬನ್ನಿ ಒಳಗೆ" ಎಂದಳು ಸನಿಯ್ಯಾ.

ಅವನು ಹೆಂಡತಿಯ ಮುಖ ನೋಡದೆ, ಉಳಿದ ಬಾಗಿಲುಗಳಲ್ಲಿ ಹೇಳಿದಷ್ಟೇ ಗಟ್ಟಿಯಾಗಿ ಹೇಳಿದ: "ಯೂರಿಯಾ ಹಾಕಿ ಕೆಡಿಸಿದ್ದು ನಾನು."

"ಗೊತ್ತು" ಎಂದಳು ಅವಳು, ಸೊಪ್ಪಿನ ಕಟ್ಟು ಎತ್ತಿಕೊಳ್ಳುತ್ತ.